ಮೈದುನ ಓದದೆ ಬಿಟ್ಟ ಸಾಲು

ನಿಮ್ಮ ಅಜ್ಜನನ್ನು ಲಡಾಯಿಗೆ ಕಳಿಸಿದವಳು ನಾನೇ ಎಂದು, ಅವರು ತೀರಿದ ಮೇಲೆ, ನಮ್ಮ ಬಳಗದಲ್ಲಿ ಒಂದು ಮಾತು ಹಬ್ಬಿದೆ. ಅದು ಹೊಗಳಿಕೆಯ ಮಾತು. ಮದುವೆಗೆ ಹೋದರೆ ಯಾರಾದರೂ ಒಬ್ಬರು ನನ್ನ ಕಡೆ ಕೈ ಮಾಡಿ, ‘ಹೋಗ್ರಿ ಅಂತ ಗಂಡಗ ಧೈರ್ಯ ಹೇಳಿದಾಕಿ ನೋಡ್ರಿ ಈಕಿ’ ಎನ್ನುತ್ತಾರೆ. ಬಸವಕಲ್ಯಾಣದ ಒಂದು ಶಾಲೆಯಲ್ಲಿ ಇದೇ ಕಾರಣಕ್ಕೆ ನನಗೆ ಶಾಲು ಹೊದಿಸಿದರು. ನಿಮ್ಮಲ್ಲಿ ದೊಡ್ಡವಳು ಅದನ್ನೇ ಪ್ರಬಂಧ ಬರೆದು ಬಹುಮಾನ ತಂದಳು.

ಅದು ಸುಳ್ಳು. ಎದ್ದು ನಿಂತು ಸುಳ್ಳು ಎನ್ನಬೇಕಿತ್ತು. ಆದರೆ ನಾಲ್ಕು ಜನರ ನಡುವೆ ನನಗೆ ಬಾಯಿ ಬರುವುದಿಲ್ಲ, ನಿಮಗೆ ಗೊತ್ತಿದೆ. ಬೇಮಳಖೇಡದ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರ ಇದೊಂದಕ್ಕಾದರೂ ಆಗಿಬರಲಿ ಎಂದು ಕೂತು ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಒಂದು ಕಾರು ಕಂಪನಿಯ ಪ್ರತಿನಿಧಿ. ಪ್ರತಿನಿಧಿ ಎಂದರೆ ಟೈ ಕಟ್ಟಿ ಕಾರು ಮಾರುವವರಲ್ಲ. ಕಂಪನಿ ಮಾರಿದ ಜೀಪುಗಳು ಎಲ್ಲಿ ಕೆಟ್ಟು ನಿಲ್ಲುತ್ತವೆಯೋ ಅಲ್ಲಿಗೆ ಹೋಗಿ, ದೋಷ ಏನೆಂದು ನೋಡಿ, ರಿಪೇರಿ ಮಾಡಿಸಿ, ಕಂಪನಿಗೆ ವರದಿ ಬರೆಯುವ ಕೆಲಸ. ಹುಮನಾಬಾದಿನಲ್ಲಿ ಲಾರಿ ಮೆಕ್ಯಾನಿಕ್ ಆಗಿ ಶುರು ಮಾಡಿ ಅಲ್ಲಿಯವರೆಗೆ ಏರಿದ್ದರು. ತಿಂಗಳಿಗೆ ಇಪ್ಪತ್ತು ದಿನ ಊರೂರು ತಿರುಗುತ್ತಿದ್ದರು. ಹೋದ ಊರಿನಿಂದೆಲ್ಲ ಕಾಗದ ಬರೆಯುತ್ತಿದ್ದರು.

ಆ ಕಾಗದ ನನಗೆ ಓದಲು ಬರುತ್ತಿರಲಿಲ್ಲ. ಅವರು ಚಿಕ್ಕವರಿದ್ದಾಗ ಮನೆಯ ಪಕ್ಕದಲ್ಲಿದ್ದದ್ದು ಉರ್ದು ಶಾಲೆ. ಅಣ್ಣತಮ್ಮ ಇಬ್ಬರೂ ಅಲ್ಲೇ ಕಲಿತರು. ಹಾಗಾಗಿ ಮಾತು ನಮ್ಮದೇ ಕನ್ನಡ, ಅಕ್ಷರ ಉರ್ದು. ಕನ್ನಡ ಅಕ್ಷರ ಅವರಿಗೆ ಅಂಗಡಿ ಬೋರ್ಡು ಓದುವಷ್ಟೇ ಬರುತ್ತಿತ್ತು, ನಾನು ಬರೆದದ್ದು ಓದಲು ಆಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇದಕ್ಕೆ ಇಬ್ಬರೂ ನಗುತ್ತಿದ್ದೆವು. ನಕ್ಕದ್ದೇ ತಪ್ಪು. ಆಗಲೇ ಯಾರಾದರೊಬ್ಬರು ಕಲಿಯಬೇಕಿತ್ತು.

ಕಾಗದ ಓದಿ ಹೇಳುತ್ತಿದ್ದವನು ನನ್ನ ಮೈದುನ, ನಿಮ್ಮ ಚಿಕ್ಕಜ್ಜ. ಹುಮನಾಬಾದಿನಲ್ಲಿ ಹೈವೇ ಮೇಲೆ ಅವನದು ಗಾಡಿಗಳ ಬಿಡಿಭಾಗದ ಅಂಗಡಿ. ಕಾಗದ ಅಲ್ಲಿಗೇ ಬರುತ್ತಿದ್ದವು. ಫೋನು ಇದ್ದದ್ದೂ ಅಲ್ಲೇ. ಭಾನುವಾರ ಬಸವಕಲ್ಯಾಣಕ್ಕೆ ಬಂದು, ಪಡಸಾಲೆಯಲ್ಲಿ ಕೂತು, ಚಹಾ ಕುಡಿದು ಓದುತ್ತಿದ್ದ. ಚೆನ್ನಾಗಿಯೇ ಓದುತ್ತಿದ್ದ. ಓದಿ ಮುಗಿಸಿ ಮಡಚಿ ತನ್ನ ಕಿಸೆಗೇ ಇಟ್ಟುಕೊಳ್ಳುತ್ತಿದ್ದ. ಕಾಗದದ ಮೇಲೆ ನನ್ನ ಹೆಸರು, ಇರುವುದು ಅವನ ಅಂಗಡಿಯಲ್ಲಿ. ನನ್ನ ಉತ್ತರವನ್ನೂ ಅವನೇ ಬರೆಯುತ್ತಿದ್ದ. ‘ಏನ್ ಬರೀಲಿ ವೈನಿ?’ ಎನ್ನುತ್ತಿದ್ದ. ಅತ್ತೆ, ನೆರೆಮನೆಯವರು ಎಲ್ಲ ಕೂತಿರುವಾಗ ನಾನೇನು ಹೇಳಲಿ? ‘ಎಲ್ಲಾ ಆರಾಮ ಅದೀವಿ ಅಂತ ಬರೀರಿ’ ಎನ್ನುತ್ತಿದ್ದೆ.

ಕಾರ್ಗಿಲ್ ಲಡಾಯಿ ಶುರುವಾದಾಗ ಕಂಪನಿ ಅವರನ್ನು ಪಠಾಣಕೋಟಿಗೆ ಕಳಿಸಿತು. ಮಿಲಿಟರಿಗೆ ಕೊಟ್ಟ ಜೀಪುಗಳನ್ನು ಅಲ್ಲಿನ ಡಿಪೋದಲ್ಲಿ ತಯಾರು ಮಾಡಿ ಮೇಲೆ ಕಳಿಸುವ ಕೆಲಸ. ಅವರಿಗೆ ಆಗ ಐವತ್ತು ದಾಟಿತ್ತು. ಕೆಳಗೇ ಇರುತ್ತಾರೆ, ಮೇಲೆ ಹೋಗುವುದಿಲ್ಲ ಎಂದು ನಾನು ಸಮಾಧಾನದಲ್ಲಿದ್ದೆ.

ಒಂದು ಭಾನುವಾರ ಮೈದುನ ಕಾಗದ ತಂದ. ಗುಡ್ಡದ ಮೇಲಿನಿಂದ ಬಂದ ಡ್ರೈವರುಗಳು ಅವರಿಗೆ ಹೇಳಿದ್ದನ್ನೆಲ್ಲ ಓದಿದ. ಅಲ್ಲಿ ಚಳಿಗಾಲದಲ್ಲಿ ಇಂಜಿನ್ ಕೆಳಗೆ ಒಲೆ ಇಟ್ಟು ಬಿಸಿ ಮಾಡುತ್ತಾರಂತೆ. ರಾತ್ರಿ ಜೀಪಿಗೆ ರಜಾಯಿ ಹೊದಿಸುತ್ತಾರಂತೆ.

‘ಜೀಪಿಗಿ ರಜಾಯಿ!’ ಎಂದರು ಅತ್ತೆ. ‘ನನಗ ನೋಡ್ರಿ, ಹರಕ ಕೌದಿ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವನು, ‘ಸೋಮವಾರ ಹನ್ನೊಂದಕ್ಕ ಅಂಗಡಿಗೆ ಫೋನ್ ಮಾಡ್ತಾನಂತ. ನಿಮ್ಮನ್ನ ಕರಕೊಂಡು ಬಾ ಅಂದಾನ’ ಎಂದು ಕಾಗದ ಮಡಚಿದ.

ಮರುದಿನ ಬಸ್ಸು ಹತ್ತಿ ಹುಮನಾಬಾದಿಗೆ ಹೋದೆ. ಅಂಗಡಿ ತುಂಬ ಗಿರಾಕಿಗಳು, ಡ್ರೈವರುಗಳು, ಕ್ಲೀನರುಗಳು. ನಾನು ಸೆರಗು ಎಳೆದುಕೊಂಡು ಟೈರುಗಳ ಪಕ್ಕ ನಿಂತೆ. ಮೈದುನ ಹತ್ತಿರ ಬಂದು, ‘ವೈನಿ, ಲೈನ್ ಯಾವಾಗ ಕಟ್ ಆಗ್ತದೋ ಹೇಳಾಕ ಬರೂದಿಲ್ಲ. ಉದ್ದ ಮಾತು ಬ್ಯಾಡ. ಹೂಂ ಅಂದ್ರ ಸಾಕು’ ಎಂದ. ನೆನಪಿಡಿ, ಇದು ಅವನದೇ ಮಾತು. ಹೂಂ ಅಂದ್ರ ಸಾಕು.

ಫೋನು ಬಂತು. ಅದರೊಳಗೆ ಗಾಳಿ ಬೀಸಿದ ಹಾಗೆ ಸದ್ದು.

‘ಕಾಗದ ಮುಟ್ಟಿತೇನ?’

‘ಮುಟ್ಟ್ಯದ್ರಿ.’

‘ಎಲ್ಲಾ ಓದಿ ಹೇಳ್ಯಾನಿಲ್ಲ?’

‘ಹೂಂ ರೀ.’

 ಆಮೇಲೆ, ‘ಮತ್ತ… ಹೋಗ್ಲಾ?’ ಎಂದರು.

ಫೋನು ಇಡಲಾ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. ಮೈದುನ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ. ‘ಹೂಂ, ಹೋಗ್ರಿ’ ಎಂದೆ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಲೈನು ಹೋಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಪೂರ್ತಿ ದಾರಿ ನನಗೆ ಕಿರಿಕಿರಿ. ನಮ್ಮಲ್ಲಿ ಯಾರೂ ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಹೊಸ್ತಿಲು ದಾಟುವಾಗ, ಫೋನು ಇಡುವಾಗ ಬರ್ಲಾ ಎಂದೇ ಕೇಳಿದವರು. ಇವತ್ತು ಹೋಗ್ಲಾ ಅಂದರು. ಊರು ಊರು ತಿರುಗಿ ಮಾತಿನ ರೀತಿ ಮರೆತರು ಎಂದು ಮನಸ್ಸಿನಲ್ಲೇ ಬೈದೆ. ಬೈದೆನೇ ಹೊರತು ಯಾಕೆ ಹಾಗಂದರು ಎಂದು ಯೋಚಿಸಲಿಲ್ಲ. ನನ್ನ ಮೇಲೂ ನನಗೆ ಸಿಟ್ಟಿದೆ.

ಮುಂದಿನ ಕಾಗದ ಗುಡ್ಡದ ಮೇಲಿನಿಂದ ಬಂತು. ನನ್ನನ್ನು ಒಂದು ಮಾತು ಕೇಳದೆ ಹೋದರಲ್ಲ ಎಂದು ನನಗೆ ಸಿಟ್ಟು ಬಂತು. ಮೈದುನ ಕಾಗದ ಓದುತ್ತಿದ್ದ, ಅಲ್ಲಿನ ನದಿ, ಜರ್ದಾಳು ಹಣ್ಣಿನ ಗಿಡ, ಸಾಲು ನಿಂತ ಲಾರಿಗಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಬರಲೇ ಇಲ್ಲ.

ಲಡಾಯಿ ಮುಗಿಯಿತು. ಗಾಡಿಗಳು ಅಲ್ಲೇ ಉಳಿದವು. ಚಳಿಗಾಲ ಮುಗಿಯುವವರೆಗೆ ಇರಿ ಎಂದಿತು ಕಂಪನಿ. ದಪ್ಪ ಕೈಗವಸಿನಲ್ಲಿ ಸಣ್ಣ ಬೋಲ್ಟು ಹಿಡಿಯಲು ಬರುವುದಿಲ್ಲವಂತೆ. ಅದನ್ನು ಕಳಚಿ ಬರಿಗೈಯಲ್ಲಿ ಡೀಸೆಲ್ ಪಂಪು ಬಿಚ್ಚಿದರಂತೆ. ಹಿಮದ ಚಳಿಗೆ ಬಲಗೈಯ ಮೂರು ಬೆರಳು ಕಪ್ಪಾದವು. ಆಸ್ಪತ್ರೆಯಲ್ಲಿ ಕತ್ತರಿಸಿದರು.

ಬಸವಕಲ್ಯಾಣಕ್ಕೆ ಬಂದಾಗ ಕೈಗೆ ಬಿಳಿ ಬಟ್ಟೆ ಸುತ್ತಿತ್ತು. ರೊಟ್ಟಿ ಮುರಿಯಲು ಆಗದೆ ತಟ್ಟೆ ನೋಡುತ್ತ ಕೂತ ಮನುಷ್ಯನನ್ನು ಕಂಡು ನನಗೆ ಕನಿಕರಕ್ಕಿಂತ ಮೊದಲು ಸಿಟ್ಟೇ ಬಂತು.

‘ಯಾಕ ಹೋದ್ರಿ?’ ಎಂದೆ.

ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ‘ನೀ ಕೇಳ್ತಿ ಇದನ್ನ?’ ಎಂದರು. ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು. ಕೇಳುವುದಕ್ಕೂ ನನಗೆ ಅಧಿಕಾರವಿಲ್ಲವೇ ಎಂದು ನಾನು ಕದ ಜೋರಾಗಿ ಹಾಕಿದೆ. ಇಬ್ಬರೂ ಮತ್ತೆ ಆ ಮಾತು ಎತ್ತಲಿಲ್ಲ.

ಸ್ಪ್ಯಾನರ್ ಹಿಡಿಯಲಾರದ ಕೈಗೂ ಕಂಪನಿ ಒಂದು ಕೆಲಸ ಹುಡುಕಿತು. ಊರೂರಿನ ಶೋರೂಮುಗಳಲ್ಲಿ ಹೊಸ ಗಾಡಿಯ ಪಕ್ಕ ನಿಲ್ಲಿಸಿ, ಲಡಾಯಿಯಲ್ಲಿ ನಮ್ಮ ಜೀಪು ಹೇಗೆ ನಡೆಯಿತು ಎಂದು ಅವರಿಂದ ಹೇಳಿಸುತ್ತಿದ್ದರು. ನಾಗಪುರ, ಇಂದೂರು, ಸೊಲ್ಲಾಪುರ. ಕೈ ಮೇಲೆತ್ತಿ ತೋರಿಸಿ ಎನ್ನುತ್ತಿದ್ದರಂತೆ. ಜನ ಚಪ್ಪಾಳೆ ತಟ್ಟುತ್ತಿದ್ದರಂತೆ. ಆ ಊರುಗಳಿಂದ ಬಂದ ಕಾಗದಗಳನ್ನು ಎಡಗೈಯಲ್ಲಿ ಬರೆದಿದ್ದಾರೆ. ಅಕ್ಷರ ಬಿದ್ದು ಎದ್ದು ನಡೆದ ಹಾಗಿವೆ.

ಅಷ್ಟರಲ್ಲಿ ಮೈದುನನ ಅಂಗಡಿಯ ಮೇಲೆ ಕಂಪನಿಯ ದೊಡ್ಡ ಬೋರ್ಡು ಬಂದಿತ್ತು. ಬಹಳ ವರ್ಷದಿಂದ ಅವನು ಆಸೆಪಟ್ಟು ಕೇಳುತ್ತಿದ್ದ ಏಜೆನ್ಸಿ. ‘ಅಣ್ಣನ ಪುಣ್ಯಾ’ ಎಂದು ಪೇಡೆ ಹಂಚಿದ. ನಾನೂ ತಿಂದೆ.

ಲಡಾಯಿಯಾದ ಐದನೆಯ ವರ್ಷ ನಿಮ್ಮ ಅಜ್ಜ ಹೋದರು. ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಹದಿಮೂರನೆಯ ದಿನ ಮುಗಿದ ಮೇಲೆ ನಾನು ಮೈದುನನಿಗೆ, ನೆನಪಿಗೆ ಬೇಕು, ಕಾಗದ ಕೊಡಿ ಎಂದೆ. ಪೂರ್ತಿ ಗಂಟು ತಂದುಕೊಟ್ಟ. ಒಂದು ಹಾಳೆ ಹರಿದಿರಲಿಲ್ಲ. ನನಗೆ ಈಗಲೂ ಹೆಚ್ಚು ಸಿಟ್ಟು ಬರುವುದು ಇದಕ್ಕೇ. ಹರಿದು ಒಗೆಯುವಷ್ಟೂ ಅವನು ನನಗೆ ಅಂಜಲಿಲ್ಲ. ಈಕೆಗೆ ಏನು ಓದಲು ಬರುತ್ತದೆ ಎಂದು ನಂಬಿದ್ದ.

ಪಕ್ಕದ ಮನೆಗೆ ಹೈದರಾಬಾದಿನಿಂದ ಹೊಸ ಸೊಸೆ ಬಂದಿದ್ದಳು. ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದಳು, ಉರ್ದು ಚೆನ್ನಾಗಿ ಓದುತ್ತಿದ್ದಳು. ಕನ್ನಡ ಒಂದು ಅಕ್ಷರ ತಿಳಿಯದು. ಮಧ್ಯಾಹ್ನ ಕಾಗದ ಅವಳ ಕೈಗೆ ಕೊಟ್ಟೆ. ಎರಡು ಸಾಲು ಓದಿ ಮುಖ ಕಿವುಚಿದಳು.

‘ಖಾಲಾ, ಹರ್ಫಾಂ ಹಮಾರೇಚ್ ಹೈ, ಬಾತ್ ಹಮಾರಿ ನಹೀ’ ಎಂದಳು. ಅಕ್ಷರ ನಮ್ಮವೇ, ಮಾತು ನಮ್ಮದಲ್ಲ ಎಂದು.

‘ನೀ ಓದು ಮಗಾ. ತಿಳಿಯೂದು ನನಗಿರಲಿ’ ಎಂದೆ.

ಅವಳು ಒಂದೊಂದೇ ಸದ್ದು ಜೋಡಿಸಿ ಓದಿದಳು. ಒಲೆ ಬಂತು, ರಜಾಯಿ ಬಂತು. ಅತ್ತೆಯ ಮಾತು ನೆನಪಾಗಿ ನಗು ಬಂತು. ಉರ್ದುವಿನಲ್ಲಿ ‘ಳ’ ಇಲ್ಲ, ಅದರ ಬದಲು ‘ಲ’ ಬರೆಯುತ್ತಾರೆ. ಹಾಗೆ ಓದುತ್ತ ಓದುತ್ತ ಆ ಹುಡುಗಿ ಗಂಭೀರವಾಗಿ, ‘ನೀ ಹೇಲು’ ಎಂದಳು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಅವಳಿಗೆ ಏನೂ ತಿಳಿಯದೆ ಅವಳೂ ನಕ್ಕು, ಮತ್ತೊಮ್ಮೆ ‘ನೀ ಹೇಲು’ ಎಂದಳು. ಆಗ ನನ್ನ ನಗು ನಿಂತಿತು. ನೀ ಹೇಳು ಎಂದು ಬರೆದಿದ್ದಾರೆ. ಏನು ಹೇಳು? ಅದರ ಹಿಂದಿನ ಸಾಲುಗಳನ್ನು ಮತ್ತೆ ಓದಿಸಿದೆ. ಭಾನುವಾರ ನಾನು ಕೇಳಿರದ ಸಾಲುಗಳು ಅವು.

‘ಮ್ಯಾಲ ಯಾರು ಹೋಗ್ತೀರಿ ಅಂತ ಕಂಪನಿ ಕೇಳ್ಯದ. ಒತ್ತಾಯ ಇಲ್ಲ, ಮನ್ಯಾಗ ಕೇಳ್ರಿ ಅಂದಾರ. ನನಗ ಅಂಜಿಕಿ ಅದ. ನೀ ಬ್ಯಾಡ ಅಂದ್ರ ವಾಪಸ್ ಬರ್ತೀನಿ. ಸೋಮವಾರ ಫೋನಿನ್ಯಾಗ ಹೋಗ್ಲಾ ಅಂತ ಕೇಳ್ತೀನಿ. ಮಂದಿ ಮುಂದ ನಿನಗ ಮಾತು ಬರೂದಿಲ್ಲ, ಗೊತ್ತದ. ಹೂಂ, ಇಲ್ಲಾ ಊಹೂಂ. ಎರಡರಾಗ ಒಂದು ಅಂದ್ರ ಸಾಕು. ನೀ ಹೇಳು.’

ಹುಡುಗಿ ನನ್ನ ಮುಖ ನೋಡಿ ನೀರು ತರಲು ಎದ್ದಳು. ಬೇಡ, ಓದು ಎಂದೆ. ಸಂಜೆಯ ತನಕ ಓದಿಸಿದೆ. ಎಡಗೈಯ ಕಾಗದದಲ್ಲಿ ಇನ್ನೊಂದು ಸಿಕ್ಕಿತು. ‘ಬೆರಳು ಹೋದ್ರ ಹೋಗ್ಲಿ. ನೀ ಹೋಗ್ರಿ ಅಂದಿ ಅಂತ ನಿನ್ನ ಮ್ಯಾಲ ನನಗ ಸಿಟ್ಟಿಲ್ಲ.’ ಅದನ್ನೂ ಅವನು ಓದಿರಲಿಲ್ಲ.

ಸಿಟ್ಟಿಲ್ಲವಂತೆ! ನಾನು ಮಾಡದ ತಪ್ಪನ್ನು ಕ್ಷಮಿಸಿ, ಕ್ಷಮಿಸಿದ್ದೇನೆ ಎಂದು ತಿಳಿದೇ ಸತ್ತರು. ನಾನೋ, ಕೇಳದೆ ಹೋದರು ಎಂದು ಐದು ವರ್ಷ ಅವರಿಗೆ ನೆಟ್ಟಗೆ ಊಟ ಬಡಿಸಲಿಲ್ಲ. ಅವರು ಬದುಕಿದ್ದಾಗಲೇ ನನ್ನ ಅಕ್ಷರ ಕಲಿತಿದ್ದರೆ? ಕಟ್ಟೆಯಿಂದ ಎದ್ದು ಬಂದು ಬಾಯಿ ಬಿಟ್ಟು ಒಮ್ಮೆ ಬೈದಿದ್ದರೆ? ಅವರ ಮೇಲೂ ಸಿಟ್ಟಿದೆ, ಹೇಳಿಬಿಡುತ್ತೇನೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹುಮನಾಬಾದಿಗೆ ಹೋದೆ. ಆ ಹುಡುಗಿಯಿಂದ ಸಾಲಿನ ಕೆಳಗೆ ಪೆನ್ಸಿಲಿನ ಗೀಟು ಹಾಕಿಸಿಕೊಂಡಿದ್ದೆ. ಅಂಗಡಿಯಲ್ಲಿ ಅವತ್ತೂ ಗಿರಾಕಿಗಳು. ಮೈದುನ, ‘ಬರ್ರಿ ವೈನಿ, ಚಹಾ ತಗೋರಿ’ ಎಂದ. ಕಾಗದ ಅವನ ಮುಂದೆ ಇಟ್ಟೆ.

‘ಓದು’ ಎಂದೆ. ಅಲ್ಲಿಯವರೆಗೆ ಅವನಿಗೆ ‘ರೀ’ ಹಚ್ಚದೆ ಮಾತಾಡಿದವಳಲ್ಲ.

ಅವನು ಒಮ್ಮೆ ನೋಡಿ ಓದತೊಡಗಿದ. ಒಲೆ ಓದಿದ, ರಜಾಯಿ ಓದಿದ. ಸೋಮವಾರದ ಫೋನಿಗೆ ಜಿಗಿದ. ನನ್ನ ಎದುರೇ, ಅಣ್ಣ ಸತ್ತ ಮೇಲೂ, ಮತ್ತೆ ಬಿಟ್ಟ!

‘ಬಿಟ್ಟಿ’ ಎಂದೆ. ಗೀಟಿನ ಮೇಲೆ ಬೆರಳಿಟ್ಟೆ. ‘ಇದು ಓದು.’

ಅವನ ಮುಖ ಇಳಿಯಿತು. ‘ವೈನಿ, ಒಳಗ ಬರ್ರಿ, ಕೂತು ಮಾತಾಡೂಣು. ಅಣ್ಣ ಹ್ಯಾಂಗೂ ಹೋಗಾವನೇ ಇದ್ದ. ನಿಮ್ಮ ಜೀವಕ್ಕ ಯಾಕ ತ್ರಾಸಂತ…’

‘ನನ್ನ ಜೀವಕ್ಕೇನ? ಇಲ್ಲಾ ಆ ಬೋರ್ಡಿಗೇನ?’

 ‘ಓದು’ ಎಂದೆ ಇನ್ನೊಮ್ಮೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಅವನು ಓದಿದ. ಕೆಳಗೆ ನೋಡುತ್ತ, ಒಂದೊಂದೇ ಮಾತು, ‘ನೀ ಹೇಳು’ ಎಂಬಲ್ಲಿಯ ತನಕ ಓದಿದ.

ಫ್ಯಾನ್ ಬೆಲ್ಟ್ ಕೊಳ್ಳಲು ಬಂದಿದ್ದ ಒಬ್ಬ ಲಾರಿ ಡ್ರೈವರ್ ಕೇಳುತ್ತ ನಿಂತಿದ್ದ. ಅವನಿಗೆ ನಾವು ಯಾರೋ ಏನೋ. ‘ಮತ್ತ ನೀವೇನಂದ್ರಿ ಅವ್ವಾ?’ ಎಂದ.

ಅಷ್ಟು ವರ್ಷದಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವನು ಅವನೊಬ್ಬನೇ.

‘ಊಹೂಂ ಅಂತಿದ್ದೆಪ್ಪಾ’ ಎಂದೆ. ‘ಓದಿ ಹೇಳಿದ್ರ ಊಹೂಂ ಅಂತಿದ್ದೆ.’

ಚಹಾ ಮುಟ್ಟದೆ ಹೊರಗೆ ಬಂದೆ. ಆಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ, ಅವನ ಮನೆಯ ನೀರು ಕುಡಿದಿಲ್ಲ. ವಯಸ್ಸಾಯಿತು, ಬಿಟ್ಟುಬಿಡು ಎಂದು ನಿಮ್ಮ ಅವ್ವ ಮನ್ನಾಏಖೇಳ್ಳಿಯಿಂದ ಬಂದಾಗಲೆಲ್ಲ ಹೇಳುತ್ತಾಳೆ. ನಾನು ಬಿಡುವುದಿಲ್ಲ.

ಆ ಶಾಲು ಎಲ್ಲಿ ಎಂದು ನೀವು ಕೇಳುತ್ತಿದ್ದಿರಿ. ಹರಿದು, ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಮಸಿ ಅರಿವೆ ಮಾಡಿದ್ದೇನೆ. ದೊಡ್ಡವಳೇ, ಬಹುಮಾನ ಇಟ್ಟುಕೋ, ಅದು ನಿನ್ನ ಅಕ್ಷರಕ್ಕೆ ಬಂದದ್ದು. ಆದರೆ ಪ್ರಬಂಧ ತಿದ್ದು. ‘ನಮ್ಮ ಅಜ್ಜಿ ಹೋಗಿ ಎಂದರು’ ಎಂಬಲ್ಲಿ ಗೀಟು ಹೊಡೆದು ಹೀಗೆ ಬರೆ: ಅಜ್ಜ ಕೇಳಿದರು, ಅಜ್ಜಿಗೆ ಯಾರೂ ಓದಿ ಹೇಳಲಿಲ್ಲ.