ವರ್ಲೀನ್ ಬಿಡಬೇಕಾಗಿದ್ದ ಮಾತ್ರೆ

ಅಲಬಾಮಾದ ನಮ್ಮೂರಿನ ಕಾಲುಚೀಲದ ಕಾರ್ಖಾನೆಯಲ್ಲಿ ವರ್ಲೀನ್‌ಳಷ್ಟು ಗಟ್ಟಿಗಿತ್ತಿ ಇನ್ನೊಬ್ಬಳಿರಲಿಲ್ಲ. ಮೈಭಾರಕ್ಕೆ ಮಂಡಿ ಹಿಡಿದು ಕೂರುತ್ತಿದ್ದವಳು ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡು ಅರ್ಧಕ್ಕರ್ಧ ಇಳಿದಳು. ಚರ್ಚಿನ ಊಟದಲ್ಲಿ ಹೆಂಗಸರೆಲ್ಲ ಅವಳ ತಟ್ಟೆಯನ್ನೇ ನೋಡುತ್ತಿದ್ದರು. ಅವಳನ್ನು ನೋಡಿಯೇ ತಂಗಿ ಟ್ವೈಲಾ ಕೂಡ ಹೋದ ತಿಂಗಳು ಅದೇ ಆಪರೇಷನ್ ಮಾಡಿಸಿಕೊಂಡಿದ್ದಳು.

ಆಪರೇಷನ್ನಿನ ಜೊತೆ ವರ್ಲೀನ್‌ಗೆ ಗಂಟುಬಿದ್ದದ್ದು ಹೊಟ್ಟೆಯ ಆಸಿಡ್ ತಗ್ಗಿಸುವ ಮಾತ್ರೆ. ಕೆಲವು ತಿಂಗಳಿಗೆಂದು ಕೊಟ್ಟದ್ದು. ಬಿಡು ಎಂದು ಯಾರೂ ಹೇಳಲಿಲ್ಲ, ಅವಳೂ ಬಿಡಲಿಲ್ಲ, ವರ್ಷಗಳೇ ಉರುಳಿದವು. ಈ ಬೇಸಿಗೆಯಲ್ಲಿ ಡಾಕ್ಟರ್ ಪ್ರೂಯಿಟ್ ಹಣೆ ಸುಕ್ಕು ಮಾಡಿಕೊಂಡು, "ಮೂಳೆ ಸವೀತಿದೆ. ಈ ಮಾತ್ರೇದೂ ಪಾಲಿರಬಹುದು. ನಿಧಾನಕ್ಕೆ ಬಿಡೋಣ. ನೋವಿನ ಮಾತ್ರೆ ಏನಾದ್ರೂ ತಗೋತೀರಾ?" ಎಂದರು.

"ಇಲ್ಲಪ್ಪ, ಮುಟ್ಟೋದೇ ಇಲ್ಲ," ಅಂದಳು ವರ್ಲೀನ್. ಸುಳ್ಳು ಹೇಳುವ ಹೆಂಗಸಲ್ಲ ಅವಳು.

ಅವಳ ಅಮ್ಮ ಸೊಂಟದ ಮೂಳೆ ಮುರಿದು, ಹಾಸಿಗೆ ಹಿಡಿದು ಸತ್ತವಳು. ಆ ನರಳಾಟ ಮಗಳ ಕಿವಿಯಿಂದ ಹೋಗಿರಲಿಲ್ಲ. ಹಠ ತೊಟ್ಟು ಮಾತ್ರೆ ಕಡಿಮೆ ಮಾಡುತ್ತ ಬಂದು ಪೂರ್ತಿ ನಿಲ್ಲಿಸಿದಳು. ಎದೆಯಲ್ಲಿ ಕೆಂಡ ಇಟ್ಟ ಹಾಗೆ ಉರಿ. ಹಲ್ಲು ಕಚ್ಚಿ ಸಹಿಸಿದಳು. ಆಮೇಲೆ ಹೊಟ್ಟೆಯಲ್ಲಿ ಚುಚ್ಚುವ ನೋವು ಶುರುವಾಯಿತು. ಒಂದು ಬೆಳಿಗ್ಗೆ ಮಲ ಡಾಂಬರಿನಂತೆ ಕಪ್ಪಗಿತ್ತು. ಅಯ್ಯೋ, ಅವಳ ಜೀವ ಬಾಯಿಗೆ ಬಂತು. ಚಿಂತೆಗೆ ತಲೆಯೂ ಸಿಡಿಯತೊಡಗಿತು. ತಲೆ ಸಿಡಿದರೆ ನಮ್ಮೂರಲ್ಲಿ ಇನ್ನೇನು ಮಾಡುತ್ತಾರೆ? ತಲೆನೋವಿನ ಪುಡಿಯ ಪೊಟ್ಟಣ ಹರಿದು ನಾಲಿಗೆಗೆ ಸುರಿದುಕೊಂಡು ಮೇಲೆ ಕೋಲಾ ಕುಡಿಯುತ್ತಾರೆ. ಯಂತ್ರದ ಸದ್ದಿನಲ್ಲಿ ದಿನವಿಡೀ ನಿಂತು ದುಡಿಯುವ ಜನ. ಪೆಟ್ರೋಲ್ ಬಂಕಿನಲ್ಲಿ ಪೆಪ್ಪರ್‌ಮಿಂಟಿನ ಪಕ್ಕ ಮಾರುವ ಪುಡಿಯನ್ನು ಔಷಧಿ ಅಂತ ಯಾರಾದರೂ ಅನ್ನುತ್ತಾರೆಯೇ, ಹೇಳಿ!

ಅಂದೇ ಟ್ವೈಲಾ ಕಾರು ಓಡಿಸಿಕೊಂಡು ಅವಳನ್ನು ಆಸ್ಪತ್ರೆಗೆ ಕರೆತಂದಳು. "ನಿನ್ನ ಗಾಬರಿ ನೋಡಿ ನನ್ನ ತಲೇನೂ ಒಡೀತಿದೆ ಕಣೇ ಅಕ್ಕಾ," ಅಂದಳು ಹೊರಗಿನ ಬೆಂಚಿನಲ್ಲಿ ಕೂತು.

"ತಗೋ ಮಾರಾಯ್ತಿ," ಎಂದು ವರ್ಲೀನ್ ಬ್ಯಾಗಿನಿಂದ ಒಂದು ಪೊಟ್ಟಣ ಅವಳ ಕೈಗಿಟ್ಟು ಒಳಗೆ ಹೋದಳು.

ಮಲ ಕಪ್ಪಗಾದ ಮಾತು ಕೇಳುತ್ತಲೇ ಡಾಕ್ಟರ್ ಪ್ರೂಯಿಟ್ ಮುಖ ಗಂಭೀರವಾಯಿತು. "ಆಪರೇಷನ್ನಿನ ಹೊಲಿಗೆ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರ್ತಿರಬೇಕು. ಈಗಲೇ ಗಂಟಲಿಂದ ಕ್ಯಾಮೆರಾ ಇಳಿಸಿ ನೋಡ್ಬೇಕು."

ವರ್ಲೀನ್‌ಳ ಕೈ ತನ್ನಷ್ಟಕ್ಕೆ ಬ್ಯಾಗಿಗೆ ಹೋಯಿತು. ಪೊಟ್ಟಣ ಹರಿದು ಬಾಯಿ ತೆರೆದಳು.

ಡಾಕ್ಟರು ಕೈ ಹಿಡಿದರು. "ಏನದು?"

"ತಲೆನೋವಿನ ಪುಡಿ. ಪುಡೀನೂ ಗೊತ್ತಿಲ್ವಾ? ಎಲ್ಲಿಂದ ಬಂದ್ರಿ ನೀವು?"

ಅವರು ಪೊಟ್ಟಣ ತಿರುಗಿಸಿ ಓದಿದರು. "ಇದು ಆಸ್ಪಿರಿನ್, ಹೊಟ್ಟೆ ಹುಣ್ಣು ಮಾಡೋ ನೋವಿನ ಮದ್ದೇ! ದಿನಾ ತಗೋತಿದ್ರಾ?"

"ಕಾರ್ಖಾನೇಲಿ ಎಲ್ರೂ ತಗೋತಾರೆ."

"ಎಲ್ರ ಹೊಟ್ಟೇಲೂ ಹೊಲಿಗೆ ಇಲ್ಲ ವರ್ಲೀನ್! ಇಷ್ಟು ವರ್ಷ ಇದರ ಹೊಡೆತ ತಡೆದಿದ್ದು ಆ ಮಾತ್ರೆ. ಅದು ಮತ್ತೆ ಶುರು, ಮೂಳೆಗೆ ಬೇರೆ ದಾರಿ ನೋಡೋಣ. ಪುಡಿ ಮಾತ್ರ ಇವತ್ತಿಗೆ ಬಂದ್. ಹಸಿ ಹೊಲಿಗೆ ಇರೋರಂತೂ ಇದರ ಹತ್ರಾನೂ ಸುಳೀಬಾರದು."

ಅಮ್ಮನ ಸೊಂಟ, ತನ್ನ ಮೂಳೆ ಎಲ್ಲ ಮರೆತುಹೋಯಿತು. ವರ್ಲೀನ್ ಹೊಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಓಡಿದಳು.

ಬೆಂಚಿನ ಮೇಲೆ ಟ್ವೈಲಾ ಖಾಲಿ ಪೊಟ್ಟಣದ ಕಾಗದವನ್ನು ಮಡಚುತ್ತ ಕೂತಿದ್ದಳು.

"ಬಂದ್ಯಾ? ಒಂದರಲ್ಲಿ ಹೋಗ್ಲಿಲ್ಲ ಕಣೇ," ಎಂದು ಕೈ ಚಾಚಿದಳು. "ಇನ್ನೊಂದು ಕೊಡು."