ಮಗಳು ಕೊಟ್ಟ ಉತ್ತರ

ಐಮಂಗಲದ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕು ಕುಟುಂಬಗಳು ಪ್ರಾರ್ಥನೆಗೆ ಸೇರುತ್ತಿದ್ದೆವು. ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ನಾನು. ಬೈಬಲ್ ವಾಕ್ಯ ಬಾಯಿಪಾಠ ಮಾಡಿದ ಮಗುವಿನ ಪುಸ್ತಕಕ್ಕೆ ಒಂದು ಸ್ಟಾರ್ ಅಂಟಿಸುತ್ತಿದ್ದೆ, ಹೊಸ ಗೆಳೆಯರನ್ನು ಕರೆತಂದರೆ ಎರಡು. ಆ ನಿಯಮ ಮಾಡಿದವಳೂ ನಾನೇ.

ಎಂಟು ವರ್ಷದ ನನ್ನ ಮಗಳು ಆ ವಾರ ಪಕ್ಕದ ಬೀದಿಯ ಗೆಳತಿಯನ್ನು ಕರೆತಂದಳು. ಮನೆಯಲ್ಲಿ ಹೇಳಿ ಬಂದೆಯಾ ಎಂದು ನಾನು ಆ ಹುಡುಗಿಯನ್ನು ಕೇಳಬೇಕಿತ್ತು. ಕೇಳಲಿಲ್ಲ.

ಎರಡನೇ ಹಾಡು ಹಾಡುತ್ತಿದ್ದಾಗ ಬಾಗಿಲು ಒದ್ದ ಸದ್ದಾಯಿತು. ಒಳಗೆ ಬಂದವರು ಆರು ಜನ. ಉಳಿದ ಕುಟುಂಬದವರು ಮಕ್ಕಳನ್ನು ಎಳೆದುಕೊಂಡು ಮೂಲೆಗೆ ಸರಿದರು. ಮುಂದಿದ್ದವನು ಆ ಹುಡುಗಿಯ ಚಿಕ್ಕಪ್ಪ. ನಮ್ಮ ಮನೆಯ ನಲ್ಲಿ ಕೆಟ್ಟಾಗ ಬಂದು ಸರಿಮಾಡಿಕೊಡುತ್ತಿದ್ದವನು. ಅವಳ ರಟ್ಟೆ ಹಿಡಿದು ಹೊರಗೆ ಕಳಿಸಿದ. ಆಮೇಲೆ ನನ್ನ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಮೆತ್ತಗೆ ಕೇಳಿದ.

"ಲೇ ಪುಟ್ಟಿ, ನಮ್ಮ ಹುಡ್ಗೀನ ಯಾರು ಕರ್ಕಂಬಂದಿದ್ದು?"

"ನಾನೇ ಮಾಮ."

"ಕರ್ಕಂಬಾ ಅಂತ ಯಾರು ಹೇಳಿದ್ದು?"

ಅವಳು ನನ್ನ ಮುಖ ನೋಡಿದಳು. "ಅಮ್ಮ. ಕರ್ಕಂಬಂದ್ರೆ ಎರಡು ಸ್ಟಾರ್ ಐತೆ."

"ಕೇಳ್ರಲೇ, ಸ್ಟಾರಂತೆ!" ಎಂದು ಹಿಂದಿದ್ದವನೊಬ್ಬ ನಕ್ಕ.

ಚಿಕ್ಕಪ್ಪ ಎದ್ದು ನನ್ನ ಮೇಲೆ ಕೈ ಎತ್ತಿದ. ನನ್ನ ಗಂಡ ನಡುವೆ ಬಂದರು. "ಕುಂತ್ಕಳ್ರಿ, ಮಾತಾಡಾಣ" ಎಂದರು. ಅಷ್ಟರಲ್ಲಿ ಮೊದಲ ಏಟು ಅವರ ಬಾಯಿಗೆ ಬಿತ್ತು. ಪ್ಲಾಸ್ಟಿಕ್ ಕುರ್ಚಿ ಬೆನ್ನ ಮೇಲೆ ಮುರಿಯಿತು. ಮುರಿದ ಕಾಲಿನಿಂದಲೇ ಮತ್ತೆ ಹೊಡೆದರು. ಕೆಳಗೆ ಬಿದ್ದ ಮೇಲೆ ಪಕ್ಕೆಗೆ ಒದ್ದರು, ಸರದಿಯಂತೆ, ಅವಸರವಿಲ್ಲದೆ. ಬಿಡಿಸಲು ಹೋದ ನನ್ನ ಜಡೆ ಹಿಡಿದು ಗೋಡೆಗೆ ತಳ್ಳಿದರು. ಗಂಡನ ಒಂದು ಹಲ್ಲು ಚಾಪೆಯ ಮೇಲೆ ಬಿದ್ದಿತ್ತು. ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಹಿರಿಯೂರಿನ ಆಸ್ಪತ್ರೆಯಲ್ಲಿ ಗಂಡನ ತುಟಿಗೆ ಹೊಲಿಗೆ ಹಾಕಿ, ಎರಡು ಪಕ್ಕೆಲುಬು ಮುರಿದಿವೆ ಎಂದರು. ಮನೆಗೆ ಮರಳಿದ ದಿನ ಮಧ್ಯಾಹ್ನ ಊಟಕ್ಕೆ ಕೂತೆವು. ಪ್ರಾರ್ಥನೆಗೆ ನಾವಿಬ್ಬರೂ ತಲೆ ಬಾಗಿಸಿದೆವು. ಮಗಳು ಬಾಗಿಸಲಿಲ್ಲ.

"ಅಮ್ಮ, ನಾನು ಗೊತ್ತಿಲ್ಲ ಅಂದಿದ್ರೆ ಅಪ್ಪಂಗೆ ಹೊಡೀತಿರ್ಲಿಲ್ಲ ಅಲ್ವಾ?"

"ನಿಂದೇನೂ ತಪ್ಪಿಲ್ಲ ಮಗಾ. ಹೊಡೆದೋರದ್ದು ತಪ್ಪು. ಅವ್ರ ಮನೇಲಿ ಕೇಳ್ದೆ ಇದ್ದಿದ್ದು ನಂದು ತಪ್ಪು."

"ಇನ್ನೊಂದ್ಸಲ ಬಂದು ಕೇಳಿದ್ರೆ ಏನ್ ಹೇಳ್ಲಿ?"

ಗಂಡ ಊದಿದ ಬಾಯಲ್ಲಿ "ನಿಜ..." ಎಂದು ಶುರುಮಾಡಿದರು. ನಾನು ಅವರ ಮಾತು ಮುಗಿಯಲು ಬಿಡಲಿಲ್ಲ.

"ಗೊತ್ತಿಲ್ಲ ಅನ್ನು. ಓಡಿ ಹೊರಗೆ ಹೋಗು."

"ಅದು ಸುಳ್ಳಲ್ವಾ?"

"ಸುಳ್ಳೇ. ಆ ಪಾಪ ನಂಗಿರ್ಲಿ."

ಗಂಡ ನನ್ನನ್ನು ನೋಡಲಿಲ್ಲ. ಮಗಳು ಪ್ರಾರ್ಥನೆಗೆ ಕಾಯದೆ ತಟ್ಟೆ ಎಳೆದುಕೊಂಡು ಉಣ್ಣತೊಡಗಿದಳು. ನಾನು ಅವಳನ್ನು ತಡೆಯಲಿಲ್ಲ.