ಚಿವುಟಿದ ಬೆರಳು

ಇಸ್ತ್ರಿಯಮ್ಮ ಎಂದರೆ ಆ ಬೀದಿಗೆಲ್ಲ ಗೊತ್ತು. ಮೆಟ್ಟಿಲ ಕೆಳಗೆ ಮೂರು ಹೆಜ್ಜೆಯಷ್ಟು ಅಂಗಡಿ, ಒಂದು ಮೇಜು, ಒಂದು ಭಾರದ ಇಸ್ತ್ರಿಪೆಟ್ಟಿಗೆ, ಮೂವತ್ತು ವರ್ಷದ ದುಡಿಮೆ. ಬಾಯಿ ಜೋರು, ಕೈ ಇನ್ನೂ ಜೋರು. ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ಬೇರೆಯವರು ನೀರು ಚಿಮುಕಿಸಿ ನೋಡುತ್ತಾರೆ. ಈಕೆ ಅಂಗೈಯನ್ನೇ ಅದರ ತಳಕ್ಕೆ ತಟ್ಟಿ ತೆಗೆಯುತ್ತಿದ್ದಳು. ಇದು ಕೈಯಲ್ಲ, ಚಪ್ಪಲಿಯ ತೊಗಲು ಎಂದು ತಾನೇ ನಗುತ್ತಿದ್ದಳು.

ಮೇಜಿನ ಕೆಳಗೆ ಮೇಸ್ತ್ರಿ ಮಲಗಿರುತ್ತಿದ್ದ. ಕಂದು ಬಣ್ಣದ ನಾಯಿ. ತಾನು ಒಂದು ಕಡ್ಡಿಯನ್ನೂ ಎತ್ತಿಡದೆ ಎಲ್ಲರ ಕೆಲಸದ ಮೇಲೆ ಕಣ್ಣಿಡುತ್ತಾನೆಂದು ಮಗಳು ಇಟ್ಟ ಹೆಸರು. ಅವನು ಇಸ್ತ್ರಿಯಮ್ಮನ ಪಾದದ ಮೇಲೆ ಗದ್ದ ಊರಿದ ಮೇಲೆಯೇ ಅಂಗಡಿಯ ಕೆಲಸ ಶುರು.

ಒಂದು ಸಂಜೆ ಹಿಂದಕ್ಕೆ ಬರುತ್ತಿದ್ದ ಸಾಮಾನಿನ ವ್ಯಾನು ಅವನ ಬೆನ್ನಿಗೆ ಬಡಿಯಿತು. ಮುಂಗಾಲು ಎಳೆದುಕೊಂಡು ಅವನು ಅಂಗಡಿಯವರೆಗೆ ಬಂದ. ಹಿಂಗಾಲು ಅವನದಲ್ಲವೆಂಬಂತೆ ಹಿಂದೆ ಬಂತು.

ಬೆನ್ನುಮೂಳೆಗೆ ಪೆಟ್ಟಾಗಿದೆ ಎಂದರು ದನದ ಡಾಕ್ಟರು. ಆಪರೇಷನ್ ದೊಡ್ಡ ಊರಿನಲ್ಲಿ ಆಗಬೇಕಂತೆ. ಅದರ ಖರ್ಚು ಕೇಳಿದ ತಾಯಿ ಮಗಳಿಬ್ಬರೂ ಮುಖ ಮುಖ ನೋಡಿಕೊಂಡರು. ಅಂಗಡಿ ಮಾರಿದರೂ ಹುಟ್ಟದ ದುಡ್ಡು. ಹಾಗಾದರೆ ಅಲ್ಲಾಡದಂತೆ ಮಲಗಿಸಿ, ಹೊತ್ತುಹೊತ್ತಿಗೆ ಹೊಟ್ಟೆ ಒತ್ತಿ ಉಚ್ಚೆ ತೆಗೆಯಿರಿ, ಮಗ್ಗುಲು ಬದಲಿಸುತ್ತಿರಿ ಎಂದು ಡಾಕ್ಟರು ತೋರಿಸಿಕೊಟ್ಟರು. ಕೊನೆಗೆ ಇಕ್ಕಳ ತೆಗೆದು ಹಿಂಗಾಲಿನ ಬೆರಳನ್ನು ಬಲವಾಗಿ ಹಿಂಡಿದರು. ಮೇಸ್ತ್ರಿ ತಿರುಗಿಯೂ ನೋಡಲಿಲ್ಲ.

"ದಿನಾ ಹೀಗೆ ಚಿವುಟಿ ನೋಡಿ," ಎಂದರು. "ನೋವಾಗಿ ಕಿರುಚಿದ್ರೆ, ನಿಮ್ಮನ್ನೇ ಕಚ್ಚೋಕೆ ಬಂದ್ರೆ, ಆಸೆ ಇದೆ ಅಂತ ತಿಳ್ಕೊಳ್ಳಿ."

ಅಂದಿನಿಂದ ಇಸ್ತ್ರಿಯಮ್ಮನಿಗೆ ಒಂದೇ ಹಂಬಲ: ಮೇಸ್ತ್ರಿ ತನ್ನನ್ನು ಕಚ್ಚಬೇಕು. ವರ್ಷಗಟ್ಟಲೆ ಯಾರೂ ಒಯ್ಯದೆ ಉಳಿದಿದ್ದ ಹಳೆಯ ಹೊದಿಕೆಗಳನ್ನು ಹರಿದು ಹಾಸಿಗೆ ಮಾಡಿದಳು. ಬೆಳಿಗ್ಗೆ ಎದ್ದವಳೇ ಬೆರಳು ಚಿವುಟುತ್ತಿದ್ದಳು. ಅವನು ಪಾಪ, ಏನೋ ಕೊಡುತ್ತಾಳೆಂದು ಅವಳ ಮುಖವನ್ನೇ ನೋಡುತ್ತಿದ್ದ. "ಕಚ್ಚೋ, ಕಳ್ಳ," ಎಂದು ಬೈದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೆಲಸಕ್ಕೆ ನಿಲ್ಲುತ್ತಿದ್ದಳು.

ಮೂರನೆಯ ವಾರ ಸುಮ್ಮನಿರಲಾಗಲಿಲ್ಲ. ಎಷ್ಟು ಮುದುಡಿದ ಬಟ್ಟೆಯೂ ಶಾಖಕ್ಕೆ ಸಡಿಲವಾಗುವುದನ್ನು ಮೂವತ್ತು ವರ್ಷ ನೋಡಿದವಳು. ಮದ್ದಿಗೆ ದುಡ್ಡಿಲ್ಲದಿದ್ದರೇನು, ಶಾಖಕ್ಕೆ ಬರವೇ? ಕಂಬಳಿಯ ತುಂಡನ್ನು ಮಡಿಸಿ, ಇಸ್ತ್ರಿ ಒತ್ತಿ ಕಾಯಿಸಿ, ಅಂಗೈಯಿಂದ ಮುಟ್ಟಿ ನೋಡಿದಳು. ಹದವಾಗಿದೆ ಅನ್ನಿಸಿತು. ಅವನ ಸೊಂಟದ ಮೇಲೆ ಹೊದಿಸಿದಳು. ಮೇಸ್ತ್ರಿ ಅವಳ ಪಾದದ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿದ. ಹಾಯಾಯಿತು ನೋಡು ಎಂದು ಹಿಗ್ಗಿ, ಸಂಜೆಯವರೆಗೆ ಮತ್ತೆ ಮತ್ತೆ ಕಾಯಿಸಿ ಹೊದಿಸಿದಳು. ಎಷ್ಟೋ ದಿನಗಳ ಮೇಲೆ ಅಂದು ಅವಳಿಗೆ ಊಟ ರುಚಿಸಿತು.

ಮರುದಿನ ಮಗ್ಗುಲು ಬದಲಿಸುವಾಗ ಕಂಡದ್ದು ಮಗಳಿಗೆ. ಸೊಂಟದ ಮೇಲೆ ಅಂಗೈಯಗಲ ಚರ್ಮ ಬೊಬ್ಬೆಯೆದ್ದು ಸುಲಿದಿತ್ತು. ಮಗಳು ಕಂಬಳಿಯನ್ನು ಅದೇ ರೀತಿ ಕಾಯಿಸಿ ಮುಟ್ಟಿ ನೋಡಿದವಳು ಬೆಚ್ಚಿ ಕೈ ಹಿಂದೆಗೆದಳು.

"ಇಷ್ಟು ಬಿಸೀನಾ ಹಾಕಿದ್ದು? ನಿನ್ನ ಕೈಗೆ ಗೊತ್ತಾಗಲ್ವಮ್ಮ."

ಇಬ್ಬರೂ ಅವನನ್ನು ಹಲಗೆಯ ಮೇಲೆ ಹೊತ್ತು ಡಾಕ್ಟರ ಬಳಿಗೆ ಒಯ್ದರು. ದಾರಿಯುದ್ದಕ್ಕೂ ಇಸ್ತ್ರಿಯಮ್ಮ ತನ್ನ ಕೈಗೇ ಶಾಪ ಹಾಕುತ್ತಿದ್ದಳು.

ಡಾಕ್ಟರು ಬೈಯಲಿಲ್ಲ. ಗಾಯ ತೊಳೆಯುತ್ತಾ, ಬಿಸಿ ತಾಗಿದಾಗ ಅರಚಿದನೇ ಎಂದು ಕೇಳಿದರು.

"ಇಲ್ಲ ಸಾರ್. ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿದ್ದ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅರ್ಥವಾಯಿತು. ಮೂರು ವಾರ ಬೆರಳು ಚಿವುಟಿ ಕೇಳಿದ ಪ್ರಶ್ನೆಗೆ ಉತ್ತರ ಆ ಕಂಬಳಿಯ ಕೆಳಗೇ ಸಿಕ್ಕಿತ್ತು, ತಾನು ಅದನ್ನು ನೋಡಿ ಹಿಗ್ಗಿದ್ದಳು. ಡಾಕ್ಟರು ಇಕ್ಕಳ ಕೈಗೆತ್ತಿಕೊಳ್ಳಲೇ ಇಲ್ಲ. ಅವಳೂ ಕೇಳಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ ಅತ್ತಳು.

ಮಾರನೆಯ ಬೆಳಿಗ್ಗೆ ಗಾಯದ ಬಟ್ಟೆ ಬದಲಿಸಿ, ಮುಲಾಮು ಹಚ್ಚಿ, ಮೇಸ್ತ್ರಿಯ ಹಾಸಿಗೆಯನ್ನು ತನ್ನ ಪಾದದ ಹತ್ತಿರಕ್ಕೆ ಎಳೆದುಕೊಂಡಳು. ಅವನು ಎಂದಿನಂತೆ ಮುಖ ನೋಡುತ್ತಾ ಕಾದ. ಅವಳು ಬೆರಳು ಚಿವುಟಲಿಲ್ಲ.